ಅಟ್ಟ ಹತ್ತಿ ಇಳಿಯುವ ಮಾತು

ಸೊಂಟದ ಆಪರೇಶನ್ ಆದ ಮೇಲೆ ಶಿರಸಿಯ ನಮ್ಮ ಮನೆಯ ಎದುರಿನ ಕೋಣೆ ಅಕ್ಕನದಾಯಿತು. ಬಿಳಗಿ ಕಡೆ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದವಳು, ಕುಡಿದ ಲೋಟವನ್ನೂ ತಾನೇ ತೊಳೆದಿಡುವವಳು. ಈಗ ಫ್ಯಾನ್ ಕಡಿಮೆ ಮಾಡುವುದಕ್ಕೂ ಯಾರನ್ನಾದರೂ ಕರೆಯಬೇಕು. ಕರೆದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಫ್ಯಾನಿಗೊಂದು, ಲೈಟಿಗೊಂದು, ಟೀವಿಗೊಂದು ರಿಮೋಟ್ ಇದ್ದವು. ಅವುಗಳ ಪುಟಾಣಿ ಗುಂಡಿಗಳು ಅವಳ ಗಂಟುಕಟ್ಟಿದ ಬೆರಳಿಗೆ ಒಗ್ಗಲಿಲ್ಲ. ನಾನು ಎಲ್ಲಕ್ಕೂ ಸೇರಿ ಒಂದು ಸ್ಮಾರ್ಟ್ ರಿಮೋಟ್ ತರಿಸಿದೆ. ಗಾಜಿನ ಮೇಲೆ ದೊಡ್ಡ ದೊಡ್ಡ ಗುಂಡಿಗಳು. ಯಾವ ಗುಂಡಿ ಒತ್ತಿದರೆ ಯಾವುದು ನಡೆಯಬೇಕೆಂದು ತಿಳಿಸುವ ಪ್ರೋಗ್ರಾಮುಗಳನ್ನು ಅಟ್ಟದ ಹಳೆಯ ಕಂಪ್ಯೂಟರಿನಲ್ಲಿ ಕೂರಿಸಿ, ಅದನ್ನೇ ಸರ್ವರ್ ಮಾಡಿದೆ. ಅಕ್ಕ ಗುಂಡಿ ಒತ್ತಿದರೆ ಸುದ್ದಿ ಅಟ್ಟಕ್ಕೆ ಹೋಗಿ, ಅಲ್ಲಿಂದ ಅವಳ ಕೋಣೆಯ ಗೋಡೆಗೆ ನಾನು ಕೂರಿಸಿದ ಪುಟ್ಟ ಪೆಟ್ಟಿಗೆಗೆ ಬಂದು, ಆಮೇಲೆ ಫ್ಯಾನಿಗೆ ತಲುಪುತ್ತಿತ್ತು. ಎಷ್ಟು ಚಂದ ಎಂದು ನಾನೇ ಬೀಗಿದೆ.

ಒಂದು ಮಧ್ಯಾಹ್ನ ಎಕ್ಕಂಬಿ ಕಡೆ ಮೋಡ ಕಟ್ಟಿ ಗುಡುಗಿತು. ನಮ್ಮ ಕಡೆ ಮೊದಲ ಗುಡುಗಿಗೇ ಎಲ್ಲರ ಕೈ ಪ್ಲಗ್ಗಿಗೆ ಹೋಗುತ್ತದೆ. ಸಿಡಿಲಿಗೆ ಒಮ್ಮೆಯಾದರೂ ಮೋಡೆಮ್ ಸುಟ್ಟುಕೊಳ್ಳದ ಮನೆ ಯಾವುದಿದೆ? ನಾನೂ ಅಟ್ಟಕ್ಕೆ ಓಡಿ ಮೋಡೆಮ್, ಕಂಪ್ಯೂಟರ್ ಎರಡರ ವಯರನ್ನೂ ಕಿತ್ತೆ. ಆಮೇಲೆ ಹೆಂಡತಿಯ ಜೊತೆ ತಾರಸಿಗೆ ಹೋಗಿ ಒಣಹಾಕಿದ್ದ ಹಲಸಿನ ಹಪ್ಪಳ ಬಾಚಿಕೊಂಡೆ.

ಇಳಿದು ಬಂದರೆ ಕರೆಂಟು ಹೋಗಿದೆ, ಇನ್ವರ್ಟರಿನ ಮೇಲೆ ಫ್ಯಾನ್ ಭರ್ರೆಂದು ತಿರುಗುತ್ತಿದೆ. ಕಿಟಕಿಯಿಂದ ತಣ್ಣನೆಯ ಗಾಳಿ ಬೇರೆ. ಅಕ್ಕ ತಲೆವರೆಗೆ ಹೊದ್ದು ನಡುಗುತ್ತಿದ್ದಾಳೆ. ರಿಮೋಟ್ ಕೈಯಲ್ಲೇ ಇದೆ. ಅದು ಮಾತಾಡಬೇಕಾದ ಅಟ್ಟದ ಕಂಪ್ಯೂಟರಿನ ವಯರು ಕಿತ್ತವನು ನಾನೇ.

"ಕರೆಯಲಾಗ್ತಿತ್ತಿಲ್ಯನೇ ಅಕ್ಕಾ?" ಎಂದೆ.

"ಕರೆಯದಾದ್ರೆ ಇದೆಂತಕ್ಕೆ ತಮಾ?" ಅವಳು ರಿಮೋಟನ್ನು ನನ್ನತ್ತ ಚಾಚಿದಳು. "ಫ್ಯಾನು ಯನ್ನ ತಲೆ ಮೇಲೇ ಇದ್ದು. ಅದಕ್ಕೊಂದು ಮಾತು ಹೇಳಲೆ ಅಟ್ಟಕ್ಕೆ ಎಂತಕ್ಕೆ ಹೋಗವು?"

ಮಾಸ್ತರಮ್ಮನ ಪ್ರಶ್ನೆ. ಉತ್ತರ ಸಿಗುವವರೆಗೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿತು. ನಿಜಕ್ಕೂ ಎಂತಕ್ಕೆ? ಹುಡುಕಿ ನೋಡಿದರೆ ಆ ಪ್ರೋಗ್ರಾಮುಗಳು ರಿಮೋಟಿನ ಹೊಟ್ಟೆಯಲ್ಲೇ ಕೂರಬಹುದಿತ್ತು. ಅದರ ಮೂತಿಯಿಂದಲೇ ಕಣ್ಣಿಗೆ ಕಾಣದ ಬೆಳಕು ಹೊರಟು ನೇರ ಫ್ಯಾನಿಗೆ ಮುಟ್ಟುತ್ತಿತ್ತು. ಆದರೆ ಅದರೊಳಗೆ ಜಾಗ ಇಕ್ಕಟ್ಟು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಎಲ್ಲವನ್ನೂ ತುಂಬಿದಾಗ ರಿಮೋಟ್ ಬಿಸಿಯಾಗಿ ಮಂಕಾಯಿತು. ಯಾವುದು ಒಳಗೆ, ಯಾವುದು ಅಟ್ಟದಲ್ಲಿ?

ಅಕ್ಕನನ್ನೇ ಕೇಳಿದೆ. ಅವಳು ಯೋಚಿಸಲೂ ಇಲ್ಲ. "ಫ್ಯಾನು, ಲೈಟು ಯನ್ನ ಹತ್ರ ಇರ್ಲಿ. ಟೀವಿಯ ಹಾಡು, ವಾರ್ತೆ ಎಲ್ಲ ಅಟ್ಟದಲ್ಲೇ ಇರ್ಲಿ, ಬಂದಾಗ ಬರ್ಲಿ."

ಹಾಗೆಯೇ ಮಾಡಿದೆ. ಆಮೇಲೆ ನಾಚಿಕೆಯಿಲ್ಲದೆ ಗುಡುಗಿಗೆ ಕಾದೆ. ಅದು ಬಂದದ್ದೇ ಅಟ್ಟದ ವಯರುಗಳನ್ನೆಲ್ಲ ಕಿತ್ತು, ಓಡಿ ಬಂದು ಅಕ್ಕನ ಬಾಗಿಲಲ್ಲಿ ನಿಂತೆ. ಫ್ಯಾನ್ ನಿಧಾನವಾಯಿತು. ಲೈಟ್ ಆರಿತು, ಹೊತ್ತಿತು, ಮತ್ತೆ ಆರಿತು. ಬೇಕೆಂದೇ ಮಾಡುತ್ತಿದ್ದಳು.

"ಎಂತಾ ನಿಂತ್ಕಂಡು ನೋಡ್ತೆ?" ಎಂದು ಅಕ್ಕ ಗದರಿದಳು. "ಯನ್ನ ನೋಡಿದ್ದು ಸಾಕು, ತಾರಸಿ ಮೇಲೆ ಹಪ್ಪಳ ನೆನೀತು. ಹೋಗು."