ಕಪ್ಪಾದ ಬೇಳೆಗೆ ಬೆಳಕು ಹಿಡಿದಾಗ

ಆಪರೇಷನ್ ಥಿಯೇಟರಿನ ಮೇಜಿನ ಮೇಲೆ ಮಲಗಿಕೊಂಡು ಬೈಸಿಕೊಂಡವರು ಯಾರಾದರೂ ಇದ್ದೀರಾ? ನಾನಿದ್ದೇನೆ.

ಬೈದವರು ಅರಿವಳಿಕೆ ಕೊಡುವ ಡಾಕ್ಟರಮ್ಮ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ನನ್ನ ಬೆರಳಿಗೆ ಸಿಕ್ಕಿಸಿದರು. ಪಕ್ಕದ ಪರದೆಯಲ್ಲಿ ನಂಬರು ಸರಿಯಾಗಿ ಮೂಡಲಿಲ್ಲ. ಇನ್ನೊಂದು ಬೆರಳಿಗೆ ಹಾಕಿದರು. ಊಹೂಂ. ಕೊನೆಗೆ ನನ್ನ ಕೈಯನ್ನೇ ಎತ್ತಿ ನೋಡಿದರು.

"ಆಂಟಿ, ಏನಿದು?"

"ಗೋರಂಟಿ."

"ಆಪರೇಷನ್‌ಗೆ ಗೋರಂಟಿ ಹಾಕ್ಕೊಂಡ್ ಬಂದಿದೀರಾ?"

"ಆಪರೇಷನ್‌ಗಲ್ಲಮ್ಮ, ಆಷಾಢಕ್ಕೆ."

(ಆಷಾಢ ಬಂತೆಂದರೆ ಗೋರಂಟಿ ಸೊಪ್ಪು ರುಬ್ಬಿ, ಹತ್ತೂ ಬೆರಳಿಗೆ ಟೋಪಿ ಹಾಕಿದ ಹಾಗೆ ಮೆತ್ತಿಕೊಳ್ಳಬೇಕು. ನಮ್ಮಮ್ಮ ಹಾಕಿಕೊಟ್ಟ ಶಿಸ್ತು. ಬಾಣಂತನ, ವರ್ಗಾವಣೆ, ನಿವೃತ್ತಿ, ಯಾವುದಕ್ಕೂ ತಪ್ಪಿಸಿಲ್ಲ. ಥೈರಾಯ್ಡ್‌ಗೆ ತಪ್ಪಿಸುತ್ತೇನೆಯೇ?)

"ನೇಲ್ ಪಾಲಿಷ್ ತೆಗೆದು ಬನ್ನಿ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ಅದಕ್ಕೇ ಹಾಕಿಲ್ಲ. ಗೋರಂಟಿ ಅಂತ ಯಾರೂ ಹೇಳ್ಲಿಲ್ಲ."

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಹೇಳಿದ್ದನ್ನು ಹೇಳಿದಷ್ಟೇ ಮಾಡುವುದು ರಕ್ತದಲ್ಲಿ ಬಂದಿದೆ. ಆ ರಕ್ತವೇ ಪರದೆಯ ಮೇಲೆ ಕಾಣದೆ ಹೋದರೆ ನನ್ನ ತಪ್ಪೇ?

ಡಾಕ್ಟರಮ್ಮ ನಕ್ಕುಬಿಟ್ಟರು. ಕ್ಲಿಪ್ಪಿನೊಳಗೆ ಪುಟ್ಟದೊಂದು ಕೆಂಪು ದೀಪ ಇದೆಯಂತೆ. ಅದರ ಬೆಳಕು ಬೆರಳನ್ನು ದಾಟಿ ಆಚೆ ಬಂದರೆ ರಕ್ತದ ಸಮಾಚಾರ ತಿಳಿಯುತ್ತದಂತೆ. ನನ್ನ ಉಗುರು ಆ ಬೆಳಕಿಗೆ ಬಾಗಿಲು ಹಾಕಿಕೊಂಡಿತ್ತು. ಕ್ಲಿಪ್ಪು ಕಿವಿಯ ಹಾಲೆಗೆ ವರ್ಗವಾಯಿತು. ನಂಬರು ಬಂತು. ಆಮೇಲೆ ನನಗೆ ನಿದ್ದೆ ಬಂತು.

ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಫೋನ್ ಮಾಡಿದವರಿಗೆಲ್ಲ ಉತ್ತರ ಸಿಕ್ಕಿರಬೇಕು.

ಈಗ ವಿಷಯಕ್ಕೆ ಬರೋಣ. ನನ್ನ ಸರ್ಜನ್ ವಿಜಾಪುರದ ಕಡೆಯ ಹುಡುಗ. ಹುಡುಗ ಎಂದರೆ ನನ್ನ ಲೆಕ್ಕದಲ್ಲಿ. ಅವರ ತಲೆಯಲ್ಲೂ ಬಿಳಿ ಕೂದಲಿದೆ. ಆಪರೇಷನ್ನಿಗೆ ವಾರ ಮುಂಚೆ ನನ್ನನ್ನೂ ಸೊಸೆ ಸುಮಾಳನ್ನೂ ಕೂರಿಸಿಕೊಂಡು ಪಾಠ ಮಾಡಿದ್ದರು.

"ನೋಡ್ರಿ ಅಮ್ಮಾರ, ಥೈರಾಯ್ಡ್ ಹಿಂದ ನಾಕು ಸಣ್ಣ ಗ್ರಂಥಿ ಇರ್ತಾವ. ತೊಗರಿಬ್ಯಾಳಿ ಇರ್ತದಲ್ಲ, ಅಷ್ಟ. ಮೈಯಾಗಿನ ಕ್ಯಾಲ್ಶಿಯಂ ನೋಡ್ಕೊಳ್ಳೋದು ಅವುಗಳ ಕೆಲಸ."

ನನಗೆ ಹಿಂದೊಮ್ಮೆ ಥೈರಾಯ್ಡಿನ ಎಡಭಾಗ ತೆಗೆದಿದ್ದರು. ಆ ಕಡೆಯ ಎರಡು ಬೇಳೆ ಆಗಲೇ ಹೋಗಿರಬಹುದು ಎಂದರು ಡಾಕ್ಟರು. ಈಗ ಬಲಭಾಗದಲ್ಲಿ ಗಡ್ಡೆ, ಅದನ್ನೂ ತೆಗೆಯಬೇಕು. ಅಲ್ಲಿರುವ ಎರಡರಲ್ಲಿ ಒಂದು ಗಡ್ಡೆಗೇ ಅಂಟಿಕೊಂಡಂತಿದೆ. ಅದು ಉಳಿಯುವುದು ಕಷ್ಟ.

"ಅಂದ್ರೆ ಉಳಿಯೋದು ಒಂದೇನಾ?" ಸುಮಾ ಕೇಳಿದಳು.

"ಒಂದ ಸಾಕ್ರಿ. ಆದ್ರ ಅದು ಜೀವಂತ ಇರಬೇಕು."

ಅದೂ ಹೋದರೆ? ಬೆರಳು ಜುಮುಗುಡುತ್ತದೆ, ತುಟಿ ಮರಗಟ್ಟುತ್ತದೆ, ಕೈ ಸೆಟೆದುಕೊಳ್ಳುತ್ತದೆ. ಬದುಕಿರುವಷ್ಟು ದಿನ ಹೊತ್ತುಹೊತ್ತಿಗೆ ಮಾತ್ರೆ. ಒಂದು ಹೊತ್ತು ಮರೆತರೂ ಆಸ್ಪತ್ರೆ. ವಾಪಸು ಬರುವಾಗ ಆಟೋದವನು ಕೇಳಿದಷ್ಟನ್ನು ಅತ್ತೆ ಸೊಸೆ ಇಬ್ಬರೂ ಚೌಕಾಸಿ ಮಾಡದೆ ಕೊಟ್ಟೆವು. (ನಮ್ಮಿಬ್ಬರನ್ನು ಬಲ್ಲವರಿಗೆ ಇದೆಷ್ಟು ದೊಡ್ಡ ಸುದ್ದಿ ಎಂದು ಗೊತ್ತು.)

ಅಂದೇ ಡಾಕ್ಟರು ಹೊಸದೊಂದು ಯಂತ್ರವನ್ನೂ ತೋರಿಸಿದ್ದರು. ಪೆನ್ನಿನಂಥ ಕಡ್ಡಿ, ಅದರ ತುದಿಯಲ್ಲಿ ಬೆಳಕು. ಬೆಳಕನ್ನು ಆ ಬೇಳೆಯ ಮೇಲೆ ಬಿಟ್ಟರೆ ಒಳಗೆ ರಕ್ತ ಹರಿಯುತ್ತಿದೆಯೋ ನಿಂತಿದೆಯೋ ಹೇಳುತ್ತದೆ. ಬೆರಳಿನ ಕ್ಲಿಪ್ಪಿನ ದಾಯಾದಿ ಎನ್ನಿ. "ಇದು ಇನ್ನೂ ಕಲಿಯೋ ಹಂತದಾಗ ಅದ. ನೀವು ಹೂಂ ಅಂದ್ರ ಮಾತ್ರ ಹಿಡೀತೀನಿ" ಎಂದರು.

"ಅದನ್ನ ನಂಬಬಹುದಾ?" ಎಂದೆ.

"ನಾನೂ ಪೂರಾ ನಂಬಂಗಿಲ್ರಿ. ಹಂಗಂತ ನನ್ನ ಕಣ್ಣನ್ನೂ ಪೂರಾ ನಂಬಂಗಿಲ್ಲ."

ಈ ಮಾತಿಗೆ ನಾನು ಹೂಂ ಎಂದೆ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಅವರೇ ಬಂದು ಕಥೆ ಹೇಳಿದರು. ಅಂಟಿಕೊಂಡಿದ್ದ ಬೇಳೆ ಗಡ್ಡೆಯ ಜೊತೆಗೇ ಹೋಯಿತು. ಉಳಿದದ್ದು ಒಂದು. ಅದನ್ನು ಬಿಡಿಸಿ ನೋಡಿದರೆ ಕಪ್ಪಾಗಿದೆ! ಜೀವ ಇರುವ ಗ್ರಂಥಿ ಹಳದಿ, ಕಂದು ಹೀಗಿರಬೇಕು. ಇದು ಸುಟ್ಟ ಬೇಳೆ.

ಪಕ್ಕದಲ್ಲಿದ್ದ ಹಿರಿಯ ಸರ್ಜನ್ ಹೇಳಿದರಂತೆ, "ಮುಗೀತು ಕಣಯ್ಯಾ ಇದು. ಹೆಚ್ಚಿಬಿಟ್ಟು ನೆಟ್ಬಿಡು."

ಇದೂ ಒಂದು ಕ್ರಮವೇ. ರಕ್ತ ನಿಂತ ಗ್ರಂಥಿಯನ್ನು ಚೂರು ಮಾಡಿ ಕುತ್ತಿಗೆಯ ಮಾಂಸದೊಳಗೆ ನಾಟಿ ಹಾಕುತ್ತಾರೆ. ಹತ್ತಿದರೆ ಹತ್ತಿತು. ಹತ್ತದಿದ್ದರೆ ಮಾತ್ರೆ ಡಬ್ಬಿ. ಇನ್ನೂ ಜೀವ ಇದ್ದದ್ದನ್ನು ಸತ್ತಿದೆಯೆಂದು ಹೆಚ್ಚಿಬಿಟ್ಟರೆ? ಮತ್ತೆ ಜೋಡಿಸಲು ಅದೇನು ಸೈಕಲ್ ಚೈನೇ?

ನಮ್ಮ ಹುಡುಗ ಬೆಳಕಿನ ಕಡ್ಡಿ ಹಿಡಿದರು. ಒಳಗೆ ರಕ್ತ ಹರಿಯುತ್ತಿದೆ ಎಂದಿತು ಯಂತ್ರ. ಕಡ್ಡಿ ಎತ್ತಿ ಮತ್ತೆ ಹಿಡಿದರು. ಮತ್ತೆ ಅದೇ ಮಾತು.

"ಆಮೇಲೇನ್ ಮಾಡಿದ್ರಿ?" ಸುಮಾ ಕುರ್ಚಿಯ ತುದಿಗೆ ಬಂದಿದ್ದಳು.

"ಏನೂ ಮಾಡ್ಲಿಲ್ರಿ."

"ಅಂದ್ರೆ?"

"ಕೈ ಕಟ್ಕೊಂಡು ನಿಂತೆ. ಭಾಳ ಕಷ್ಟದ ಕೆಲಸ ನೋಡ್ರಿ ಅದು, ಸರ್ಜನ್‌ಗೆ ಸುಮ್ಮನ ನಿಲ್ಲೋದು."

ನಿಂತರು. ಹಿರಿಯರು ಗೊಣಗಿದರು. ನರ್ಸು ಗೋಡೆ ಗಡಿಯಾರ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಕಪ್ಪು ಬೇಳೆ ಅಂಚಿನಿಂದ ಕಂದಾಗುತ್ತ ಬಂತಂತೆ. ಒಳಗೆ ಹೋದ ರಕ್ತ ಹೊರಗೆ ಬರಲು ತಡವರಿಸಿ ಕಪ್ಪುಗಟ್ಟಿತ್ತು, ಅಷ್ಟೆ. ಹಿರಿಯರು, "ಸರಿ, ಹೊಲಿ ಮತ್ತೆ" ಎಂದರಂತೆ.

ಹಾಗಾದರೆ ಗೆದ್ದೆವಾ ಎಂದು ಕೇಳಿದೆ. "ಈಗ ಹೇಳಂಗಿಲ್ರಿ. ಬಣ್ಣ ಬಂದದ, ಕೆಲಸಕ್ಕ ಬರ್ತದೋ ಇಲ್ಲೋ ನೋಡಬೇಕು. ಜುಮು ಜುಮು ಅಂದ್ರ ತಕ್ಷಣ ಹೇಳ್ರಿ."

ಶುರುವಾಯಿತು ನೋಡಿ. ಬಂದವರೆಲ್ಲ ಕೇಳುವುದು ಒಂದೇ, "ಜುಮ್ ಅಂತಿದ್ಯಾ?" ಬಸವೇಶ್ವರನಗರದ ನಮ್ಮ ಬೀದಿಗೆ ಬೀದಿಯೇ ನನ್ನ ಬೆರಳು ಕಾಯತೊಡಗಿತು. ಎದುರುಮನೆಯ ಗೌರಮ್ಮನ ತವರು ರಾಗಿ ಸೀಮೆಯ ಹೆಗ್ಗನಹಳ್ಳಿ. ಅವರು ಆಸ್ಪತ್ರೆಗೇ ಒಂದು ಡಬ್ಬಿ ರಾಗಿ ಹುರಿಹಿಟ್ಟು ತಂದರು.

"ಲೈಟು ಗೀಟು ಎಲ್ಲ ಇರ್ಲಿ ಮೇಡಂ. ರಾಗಿ ತಿಂದೋರಿಗೆ ಕ್ಯಾಲ್ಶಿಯಂ ಎಲ್ಲಿ ಕಮ್ಮಿ ಆಗ್ತದೆ?"

ಅದೇ ಹೊತ್ತಿಗೆ ರೌಂಡ್ಸ್‌ಗೆ ಬಂದ ಡಾಕ್ಟರು ಕೇಳಿಸಿಕೊಂಡು ನಕ್ಕರು. "ರಾಗಿ ಛಲೋರಿ. ಆದ್ರ ಗ್ರಂಥಿ ಸತ್ರ ಮೂಟಿ ರಾಗಿ ತಿಂದ್ರೂ ಆಗಂಗಿಲ್ಲ."

"ನಿಮ್ ಕಡೆ ಜೋಳ ತಿಂತೀರಲ್ಲ, ಅದಕ್ಕೇ ಹಂಗಂತೀರ" ಎಂದರು ಗೌರಮ್ಮ.

ಆ ಸಂಜೆ ಎಡಗೈ ಬೆರಳು ಜುಮ್ಮೆಂದಿತು.

ನಾನು ಯಾರಿಗೂ ಹೇಳದೆ ಕೈ ನೋಡುತ್ತ ಕೂತೆ. ಕಬಡ್ಡಿ ಅಂಕಣದಲ್ಲಿ ಮಂಡಿ ಒಡೆದುಕೊಂಡಾಗಲೂ ನನಗೆ ಭಯವಾಗಿರಲಿಲ್ಲ. ಈಗ ಆಯಿತು. ಸುಮಾ ಮುಖ ನೋಡಿಯೇ ತಿಳಿದುಕೊಂಡು ಓಡಿದಳು. ಡಾಕ್ಟರು ಬಂದರು. ಕಿವಿಯ ಮುಂದೆ ಕೆನ್ನೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಕ್ಯಾಲ್ಶಿಯಂ ಇಳಿದಿದ್ದರೆ ತುಟಿ ಅದುರಬಹುದಂತೆ. ಅದುರಲಿಲ್ಲ. ಅದೊಂದೇ ಸಾಲದೆಂದು ರಕ್ತ ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ಸುಮಾ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಕ್ಯಾಲ್ಶಿಯಂ ಸರಿಯಾಗಿತ್ತು!

"ಮತ್ತೆ ಈ ಜುಮ್ಮು?" ಎಂದೆ.

"ಕೈ ಮ್ಯಾಲೆ ಭಾರ ಹಾಕಿ ಮಲಗಿದ್ರೇನು?"

ಮಲಗಿದ್ದೆ. ಮರುದಿನವೂ ಪರೀಕ್ಷೆ ಮಾಡಿದರು, ಸರಿಯಿತ್ತು. "ಗ್ರಂಥಿ ಡ್ಯೂಟಿಗೆ ಹಾಜರಾಗ್ಯದ್ರಿ ಅಮ್ಮಾರ" ಎಂದು ಹೇಳಿ ಡಾಕ್ಟರು ನನ್ನನ್ನು ಮನೆಗೆ ಕಳಿಸಿದರು.

ಈಗ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಾಚೆ ಮಾತು ಕೇಳುತ್ತಿದೆ. ಬೀದಿಯ ಇಬ್ಬರು ಹಿರಿಯರು ಪಿಯುಸಿಯಲ್ಲಿ ಫೇಲಾದ ಹುಡುಗನೊಬ್ಬನ ಭವಿಷ್ಯವನ್ನು ಕಾಂಪೌಂಡಿಗೆ ಒರಗಿಕೊಂಡೇ ತೀರ್ಮಾನಿಸಿದ್ದಾರೆ: "ಅವನ ಕಥೆ ಮುಗೀತು ಬಿಡ್ರಿ."

ಒಂದು ತೊಗರಿಬೇಳೆಗಾಗಿ ಸರ್ಜನ್ ಒಬ್ಬರು ಕೈಕಟ್ಟಿ ನಿಂತಾರು. ಆರಡಿ ಹುಡುಗನಿಗಾಗಿ ನಮಗೆ ಅಷ್ಟು ಹೊತ್ತು ನಿಲ್ಲಲಾಗದೆ?