ಎತ್ತುವ ಕೈಗಳ ಊರಿನಲ್ಲಿ

ಗೋಕಾಕದಲ್ಲಿ ನಾನು ಬಸ್ಸಿನಿಂದ ಇಳಿಯಲಿಲ್ಲ, ನನ್ನನ್ನು ಇಳಿಸಿಬಿಟ್ಟರು. ಮೆಟ್ಟಿಲ ಬಳಿ ನಿಂತು ಯಾವ ಊರುಗೋಲನ್ನು ಮೊದಲು ಕೆಳಗೆ ಊರಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಂಕುಳಿಗೆ ಕೈ ಹಾಕಿದರು, ಮುಂದಿನಿಂದ ಇನ್ಯಾರೋ ಎರಡೂ ಮೊಣಕಾಲು ಹಿಡಿದರು. ನೆಲ ಕಾಣಲಿಲ್ಲ, ಬರೀ ಆಕಾಶ ಕಂಡಿತು. ಕಿರುಚಿದೆ ಅಂದುಕೊಂಡೆ, ದನಿ ಬಂದಿರಲಿಲ್ಲ. ಮರುಕ್ಷಣ ಒಂದು ಕಲ್ಲುಕಟ್ಟೆಯ ಮೇಲೆ ಕೂತಿದ್ದೆ. ತಲೆಗೆ ಟವೆಲ್ ಸುತ್ತಿದ್ದ ಒಬ್ಬರು ಊರುಗೋಲುಗಳನ್ನು ನನ್ನ ತೊಡೆಯ ಮೇಲಿಟ್ಟು, "ಅಂಜಬ್ಯಾಡವಾ ತಂಗಿ, ಆತು" ಎಂದು ಹೇಳಿ ಅದೇ ಬಸ್ಸಿಗೆ ವಾಪಸ್ ಹತ್ತಿಕೊಂಡರು.

ತಿಪಟೂರಿನ ಕಡೆಯ ನಮ್ಮ ಜನಕ್ಕೆ ಇದು ಒಳ್ಳೆಯ ಸ್ವಾಗತ ಅನ್ನಿಸಬಹುದು. ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಪೋಲಿಯೋ ಬಂದ ಎರಡು ಕಾಲುಗಳಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಊರುಗೋಲುಗಳ ನಡುವೆ ತೂಗಿಕೊಂಡು ನಡೆಯುವವಳು ನಾನು. ಎಲ್ಲಿ ಹಿಡಿದರೆ ಬೀಳುತ್ತೇನೆ, ಎಲ್ಲಿ ಹಿಡಿದರೆ ನಿಲ್ಲುತ್ತೇನೆ ಎಂಬುದು ನನಗೆ ಗೊತ್ತು, ಹಿಡಿಯುವವರಿಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ಈ ಸಮಸ್ಯೆಯೇ ಇರಲಿಲ್ಲ. ಅಲ್ಲಿ ಜನ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು, 'ಪಾಪ' ಎಂದು ಮುಖ ತಿರುಗಿಸುತ್ತಿದ್ದರು, ಮುಟ್ಟುತ್ತಿರಲಿಲ್ಲ. ನನ್ನನ್ನು ಎತ್ತಿದ ಕೈ ಎಂದರೆ ಅಮ್ಮನದೊಂದೇ. ಸೊಂಟದ ಮೇಲೆ ಹೊತ್ತುಕೊಂಡು ಸ್ಕೂಲಿಗೆ ಬಿಡುತ್ತಿದ್ದಳು. ಇಲ್ಲಿ ಜನರ ಕರುಣೆ ಬಾಯಿಗೆ ಬರುವ ಮೊದಲೇ ತೋಳಿಗೆ ಬಂದಿರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅಂಗವಿಕಲರಿಗಾಗಿ ಕಾಯ್ದೆ ಬಂದು ಕೆಲವು ವರ್ಷಗಳಾಗಿದ್ದವು, ಆದರೆ ಅದು ಹಳ್ಳಿಗಳಿಗೆ ಬಂದಿರಲಿಲ್ಲ. ಹುಕ್ಕೇರಿಯ ಒಂದು ಸಣ್ಣ ಸಂಸ್ಥೆ ನನಗೆ ಕೆಲಸ ಕೊಟ್ಟಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹಳ್ಳಿಗಳಲ್ಲಿ ನಮ್ಮಂಥವರನ್ನು ಹುಡುಕಿ ಸಂಘ ಕಟ್ಟಬೇಕು, ಕಚೇರಿಗಳಿಗೆ ಹೋಗಿ ತಮಗೆ ಸೇರಬೇಕಾದದ್ದನ್ನು ತಾವೇ ಕೇಳುವಂತೆ ಮಾಡಬೇಕು. ಅಮ್ಮ ಬೇಡವೆಂದು ಅತ್ತಳು. "ಬಿದ್ರೆ ಯಾರೇ ಎತ್ತುತ್ತಾರೆ ಅಲ್ಲಿ?" ಎಂದಳು. ಇಲ್ಲಿ ಯಾರು ಎತ್ತುವುದಿಲ್ಲ ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು, ಎತ್ತದವರೇ ಇಲ್ಲ.

ಹುಕ್ಕೇರಿಯಲ್ಲಿ ಒಂದು ಜೈನರ ಮನೆಯ ಹಿಂಭಾಗದ ಕೋಣೆ ಸಿಕ್ಕಿತು. ಮನೆಯ ಯಜಮಾನಿಯನ್ನು ಊರೆಲ್ಲ ಕಾಕಿ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಅವರು ಮನೆಯೊಳಗೆ ಮರಾಠಿ, ನನ್ನ ಜೊತೆ ಕನ್ನಡ ಆಡುತ್ತಿದ್ದರು. ಆ ಕನ್ನಡ ಮೊದಲ ವಾರಗಳಲ್ಲಿ ನನಗೆ ಮರಾಠಿಯಷ್ಟೇ ದೂರವಾಗಿತ್ತು. "ಕುಂಡ್ರಿ" ಎಂದರೆ ಕೂರಿ ಎಂದು ತಿಳಿಯಲು ಹೊತ್ತಾಗಲಿಲ್ಲ, ಆದರೆ ಆ ದನಿಯ ಗಡಸು ಕೇಳಿದರೆ ಬೈಯುತ್ತಿದ್ದಾರೆ ಅನ್ನಿಸುತ್ತಿತ್ತು. ಸಂಜೆ ಬೆಳಕಿರುವಾಗಲೇ ಕಾಕಿ ಬಾಗಿಲಿಗೆ ಬಂದು, "ಬಾರವಾ, ಲಗೂ ಉಣ್ಣು, ಹೊತ್ತ ಮುಳಗಾಕ ಬಂತು" ಎಂದು ಅವಸರಿಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಮುದ್ದೆ ನುಂಗಿ ಬೆಳೆದ ನನಗೆ ಜೋಳದ ರೊಟ್ಟಿ ಅಗಿಯುವುದೇ ಒಂದು ಕೆಲಸವಾಗಿತ್ತು. ಶೇಂಗಾ ಚಟ್ನಿ ಮಾತ್ರ ಮೊದಲ ದಿನವೇ ಒಲಿಯಿತು.

ಆ ಮನೆಯಲ್ಲಿ ನನಗೆ ನಿಜವಾಗಿ ಹೆದರಿಕೆ ಇದ್ದದ್ದು ನೆಲದ ಬಗ್ಗೆ. ಇಲ್ಲಿ ಎಲ್ಲ ಮನೆಗಳಿಗೂ ನುಣುಪಾದ ಫರಸಿ ಕಲ್ಲು ಹಾಸಿರುತ್ತಾರೆ. ಬೆಳಿಗ್ಗೆ ನೀರು ಸುರಿದು ತೊಳೆದರೆ ಊರುಗೋಲಿನ ರಬ್ಬರು ಜಾರುತ್ತದೆ. ನೆಲ ಒಣಗುವ ತನಕ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ, ಬಚ್ಚಲಿಗೆ ಹೋಗಬೇಕೆನಿಸಿದರೂ ತಡೆದುಕೊಳ್ಳುತ್ತಿದ್ದೆ. ಕಾಕಿಗೆ ಹೇಳಿದರೆ ಎತ್ತಿಕೊಂಡು ಹೋಗುತ್ತಾರೆ ಎಂಬುದು ಗೊತ್ತಿತ್ತು. ಆದ್ದರಿಂದಲೇ ಹೇಳಲಿಲ್ಲ.

ಪದ್ದಕ್ಕ ಸಿಕ್ಕಿದ್ದು ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ. ಅಣ್ಣನ ಮನೆಯಲ್ಲಿದ್ದ ನಲವತ್ತರ ಆಸುಪಾಸಿನ ಹೆಂಗಸು. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ, ಕೂತಲ್ಲಿಂದ ಕೈ ಊರಿ ಸರಿದಾಡುತ್ತಿದ್ದರು. ಹಿಂದೊಮ್ಮೆ ಮದುವೆಗೆ ಹೊರಟಾಗ ನೆಂಟರು ಅವರನ್ನು ಪ್ರೀತಿಯಿಂದಲೇ ಎತ್ತಿ ಟ್ರ್ಯಾಕ್ಟರಿನ ಟ್ರೇಲರಿಗೆ ಹಾಕಲು ಹೋಗಿ ಕೈಬಿಟ್ಟಿದ್ದರು. ಸೊಂಟದ ಮೂಳೆ ಮುರಿದು, ಹೇಗೋ ಕೂಡಿತು. ಅಲ್ಲಿಂದೀಚೆಗೆ ಹೊಸ್ತಿಲು ದಾಟಿರಲಿಲ್ಲ. ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತ, ಬಾಗಿಲಾಚೆ ಹೋಗುವ ಬರುವ ಕಾಲುಗಳನ್ನು ನೋಡುತ್ತ ದಿನ ಕಳೆಯುತ್ತಿದ್ದರು.

"ಸಂಘಕ್ಕ ಬರ್ತೇನ್ರಿ ಅಕ್ಕಾರ, ಖರೆ. ಆದ್ರ ಯಾರೂ ನನ್ನ ಎತ್ತಬಾರ್ದು. ನೀವ ಮಾತ ಕೊಡ್ರಿ," ಎಂದರು.

ನಾನು ಮಾತು ಕೊಟ್ಟೆ. ನನ್ನನ್ನೇ ಎತ್ತದಂತೆ ತಡೆಯಲಾರದವಳು ಇನ್ನೊಬ್ಬರಿಗೆ ಯಾವ ಧೈರ್ಯದಿಂದ ಮಾತು ಕೊಟ್ಟೆನೋ. ಈ ಸಲ ಯಾರಾದರೂ ಅವರನ್ನು ಹಿಡಿದು ಎತ್ತಿದರೆ ಪದ್ದಕ್ಕ ಮತ್ತೆ ಹೊರಗೆ ಬರುವುದಿಲ್ಲ, ಉಳಿದ ಆಯುಷ್ಯ ಆ ಪಡಸಾಲೆಯಲ್ಲೇ ಮುಗಿಯುತ್ತದೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾವು ಹೋಗಬೇಕಾಗಿದ್ದ ಕಚೇರಿ ಮಹಡಿಯ ಮೇಲಿತ್ತು. ಯಾವ ಊರಿನದು ಎಂದು ಬರೆಯುವುದಿಲ್ಲ, ಮಹಡಿಯ ಮೇಲಿನ ಕಚೇರಿಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಅಂಗವಿಕಲರ ಕೆಲಸಗಳೆಲ್ಲ ಅಲ್ಲೇ ಆಗಬೇಕು, ಅಲ್ಲಿಗೆ ಹತ್ತಲಾರದವರೂ ನಾವೇ. ನಮ್ಮ ಬೇಡಿಕೆ ಒಂದೇ: ವಾರಕ್ಕೊಂದು ದಿನ ಸಾಹೇಬರ ಟೇಬಲ್ಲು ಕೆಳಗೆ ಬರಬೇಕು. ಬರುವ ತನಕ ಕೆಳಗಿನ ಜಗಲಿಯಲ್ಲಿ ಕೂರುವುದು ಎಂದು ಸಂಘದಲ್ಲಿ ತೀರ್ಮಾನವಾಯಿತು. ಜನ ನೋಡಲಿ ಎಂದು ಸಂತೆಯ ದಿನವನ್ನು ಆರಿಸಿಕೊಂಡವಳು ನಾನೇ.

ಪದ್ದಕ್ಕನನ್ನು ಕರೆತರಲು ಅವರ ಅಣ್ಣ ಜಿನ್ನಪ್ಪ ಒಂದು ಉಪಾಯ ಮಾಡಿದ್ದರು. ಟಂಟಂ ಎಂದು ಕರೆಯುವ ಮೂರು ಗಾಲಿಯ ಗಾಡಿಯನ್ನು ಕಟ್ಟೆಗೆ ಹಿಂದಾಗಿ ನಿಲ್ಲಿಸಿ, ನಡುವೆ ಹಲಗೆ ಇಟ್ಟರು. ಪದ್ದಕ್ಕ ಕೈಯೂರಿ ತಾವೇ ಅದರ ಮೇಲೆ ಸರಿದು ಗಾಡಿಯೊಳಗೆ ಹೋದರು. ಹೊಸ್ತಿಲ ಹೊರಗೆ ಬಿಸಿಲು ಬಿದ್ದಾಗ ಅವರ ಮುಖ ಬೆವರಿತ್ತು. ದಾರಿಯುದ್ದಕ್ಕೂ ನನ್ನ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಕಚೇರಿಯ ಜಗಲಿಗೂ ಅದೇ ಹಲಗೆಯ ಮೇಲೆ ಇಳಿದು, ಕಿಟಕಿಯ ಸರಳುಗಳಿಗೆ ಬೆನ್ನು ಕೊಟ್ಟು ಕೂತರು.

ಹತ್ತು ಹನ್ನೆರಡು ಮಂದಿ ಸಾಲಾಗಿ ಕೂತೆವು. 'ಕರುಣೆ ಬೇಡ, ಹಕ್ಕು ಬೇಕು' ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೆ. ಸಂತೆಯ ಜನ ಸೇರಿದರು. ಒಬ್ಬರು ಗಟ್ಟಿಯಾಗಿ ಓದಿ ಹೇಳಿದರು. ತಲೆಗಳೆಲ್ಲ ಹೌದೆಂದು ಆಡಿದವು. ಮೂಟೆ ಹೊರುವ ಹಮಾಲ ಬಸಪ್ಪ ಮುಂದೆ ಬಂದರು, ಬಾಗಿಲಿನಷ್ಟು ಅಗಲವಾದ ಮನುಷ್ಯ.

"ಖರೆ ಐತಿ," ಎಂದರು ಬಸಪ್ಪ. "ಹಕ್ಕ ಕೇಳಾಕ ಬಂದಾರ, ಪಾಪ ಮ್ಯಾಲ ಹತ್ತಾಕ ಆಗವಲ್ದು. ಬರ್ರಿ, ಎಲ್ಲಾರೂ ಸೇರಿ ಒಯ್ಯೂಣು."

ಯಾರ ಮುಖದಲ್ಲೂ ಕೇಡಿರಲಿಲ್ಲ. ಸಂತೆ ಚೀಲಗಳನ್ನು ಕೆಳಗಿಟ್ಟರು, ತೋಳು ಮಡಿಸಿದರು, ಒಬ್ಬರು ಚಪ್ಪಲಿ ಬಿಟ್ಟರು. ಮೊದಲ ಕೈಗಳು ಬಂದದ್ದು ನನ್ನತ್ತಲೇ, ನಾನು ಮುಂದಾಳು ತಾನೆ. ಬೇಡ ಎನ್ನಬೇಕಿತ್ತು. ವಾರಗಟ್ಟಲೆ ಇತರರಿಗೆ ಹೇಳಿಕೊಟ್ಟ ಮಾತು ಅದು. ಆದರೆ ಭಯ ನನ್ನಲ್ಲಿ ಮೊದಲು ಹಿಡಿಯುವುದು ಗಂಟಲನ್ನು. ಬಸಪ್ಪ ಕಂಕುಳಿಗೆ ಕೈ ಹಾಕಿದರು, ನೆಲ ಹೋಯಿತು. ಮೆಟ್ಟಿಲ ತಿರುವಿನಲ್ಲಿ ಕ್ಯಾಲಿಪರ್ ಗೋಡೆಗೆ ಬಡಿಯಿತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಲಿನ ಕೋಣೆಯಲ್ಲಿ ಒಂದು ಕುರ್ಚಿಯ ಮೇಲಿದ್ದೆ. ಎದುರಿನ ಟೇಬಲ್ಲಿನ ಹಿಂದೆ ಯಾರೂ ಇರಲಿಲ್ಲ. ಸಾಹೇಬರು ಗದ್ದಲ ಕೇಳಿ ಹೊರಗಿನ ವರಾಂಡದ ಕಟಕಟೆಗೆ ಬಗ್ಗಿ ಕೆಳಗೆ ನೋಡುತ್ತಿದ್ದರು. ಬಸಪ್ಪ ಉಳಿದವರನ್ನು ತರಲು ದಡದಡ ಇಳಿದು ಹೋದರು. ಊರುಗೋಲು ಎರಡೂ ಕೆಳಗೇ ಉಳಿದಿದ್ದವು.

ಮುಂದಿನ ಸರದಿ ಪದ್ದಕ್ಕನದು ಎಂದು ನೆನಪಾಯಿತು. ಅವರನ್ನು ಮನೆಯಿಂದ ಹೊರಗೆ ತಂದವಳು ನಾನು, ಈಗ ಮಹಡಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದೇನೆ. ಕೂಗಲು ನೋಡಿದೆ, ಬರೀ ಉಸಿರು ಬಂತು.

ಕೆಳಗಿನಿಂದ ಅವರ ದನಿ ಕೇಳಿತು. ಜೋರಿರಲಿಲ್ಲ. "ಮುಟ್ಟಬ್ಯಾಡ್ರಿ." ಮತ್ತೆ, "ನಾ ಹೇಳೂತನಾ ಮುಟ್ಟಬ್ಯಾಡ್ರಿ ಅಣ್ಣಾರ." ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡಿದ್ದರಂತೆ, ಆಮೇಲೆ ಜಿನ್ನಪ್ಪ ಹೇಳಿದರು. ಜನ ತಬ್ಬಿಬ್ಬಾದರು. ಒಳ್ಳೆಯದು ಮಾಡಲು ಹೋದರೆ ಬೇಡ ಎನ್ನುವವರನ್ನು ಅವರು ನೋಡಿರಲಿಲ್ಲ.

"ಬೀಳಸಂಗಿಲ್ಲಬೇ ಅಕ್ಕಾ, ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಎಂದರು ಬಸಪ್ಪ.

"ನಂಬಿಕಿ ಐತ್ರಿ. ಅಷ್ಟ ಪುಣ್ಯಾ ಬೇಕಂದ್ರ ಸಾಹೇಬ್ರನ್ನ ಎತಗೊಂಡ ಬರ್ರಿ ಕೆಳಗ. ಅವ್ರಿಗೂ ಇಳ್ಯಾಕ ಆಗವಲ್ದಂತ ಕಾಣ್ತೈತಿ."

ಆಮೇಲೆ ಸಂತೆಯೇ ನಕ್ಕಿತು. ಕಟಕಟೆ ಹಿಡಿದು ನಿಂತಿದ್ದ ಸಾಹೇಬರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಬಸಪ್ಪನ ತೋಳುಗಳನ್ನು ನೋಡಿದರು. "ಬಂದ್ನಿ ತಡೀರಿ, ನನಗ ಕಾಲ ಅದಾವು" ಎನ್ನುತ್ತ ತಾವೇ ಇಳಿದು ಹೋದರು. ಅವರ ಹಿಂದೆ ಜವಾನ ಟೇಬಲ್ಲು ಹೊತ್ತ.

ಹೀಗೆ ನಮ್ಮ ಸಂಘದ ಮೊದಲ ಮಾತುಕತೆ ನಾನಿಲ್ಲದೆಯೇ ನಡೆಯಿತು. ಫ್ಯಾನಿನ ಸದ್ದಿನ ನಡುವೆ ಚೂರುಪಾರು ಕೇಳುತ್ತಿತ್ತು. ಸಾಹೇಬರು ಮೇಲಿನವರ ಆರ್ಡರ್ ಬರಬೇಕು ಎಂದರು, ಅದು ಬರುವ ತನಕ ಸಂತೆಯ ದಿನ ಕೆಳಗೆ ಕೂರುತ್ತೇನೆ ಎಂದೂ ಅಂದರು. ಸಂತೋಷ ಆಯಿತೇ ಎಂದರೆ, ಆಗ ಆಗಲಿಲ್ಲ. ನನ್ನನ್ನು ಎಲ್ಲರೂ ಮರೆತು ಹೋಗುತ್ತಾರೆ, ಬಾಗಿಲು ಹಾಕಿಕೊಂಡು ಹೋಗುತ್ತಾರೆ ಎಂಬ ಹೆದರಿಕೆಯೇ ತುಂಬಿಕೊಂಡಿತ್ತು. ಮೆಟ್ಟಿಲು ಎಷ್ಟು ಕಡಿದಾಗಿದೆ ಎಂಬುದು ಕೂತಲ್ಲಿಂದಲೇ ಕಾಣುತ್ತಿತ್ತು.

ಕೊನೆಗೆ ಬಾಗಿಲಲ್ಲಿ ಬಸಪ್ಪ ನಿಂತಿದ್ದರು, ಕೈಯಲ್ಲಿ ನನ್ನ ಊರುಗೋಲುಗಳು. ಒಳಗೆ ಬರಲಿಲ್ಲ.

"ಅಕ್ಕಾರ, ಕೇಳಿ ಮುಟ್ಟ ಅಂತ ಕೆಳಗ ಹೇಳ್ಯಾರ್ರಿ. ಎತ್ತಲೇನ್ರಿ?"

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಳು ಬಂತು, ತಡೆದುಕೊಂಡೆ. "ಬ್ಯಾಡ್ರಿ" ಎಂದೆ. ಗಂಟಲು ಬಿಟ್ಟಿತ್ತು, ಮಾತು ಮಾತ್ರ ಅವರ ಕಡೆಯದಾಗಿತ್ತು.

"ಹಂಗಾದ್ರ ಹ್ಯಾಂಗ ಇಳೀತೀರಿ?"

"ಕೂತ್ಕೊಂಡು."

ಮೆಟ್ಟಿಲ ಮೇಲೆ ಕೂತು, ಕೈಯೂರಿ, ಒಂದೊಂದಾಗಿ ಇಳಿದೆ. ನಾಚಿಕೆಯಿಂದ ಎಂದೋ ಬಿಟ್ಟಿದ್ದ ರೀತಿ ಅದು. ಬಸಪ್ಪ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನತ್ತ ಮುಖ ಮಾಡಿ, ಹಿಂದು ಹಿಂದಾಗಿ ಇಳಿಯುತ್ತಿದ್ದರು. ಕ್ವಿಂಟಲ್ ಮೂಟೆ ಹೊರುವ ಆ ಮನುಷ್ಯನಿಗೆ ಕೈ ಕಟ್ಟಿಕೊಂಡು ನೋಡುವುದು ಬಹಳ ಕಷ್ಟವಾಗಿತ್ತು.

"ಅಂಜಿಕಿ ಬರಾಕತ್ತೈತೇನ್ರಿ?" ಎಂದು ಕೇಳಿದರು.

"ಹೂಂ ರೀ."

"ನನಗೂ ಬರಾಕತ್ತೈತ್ರಿ," ಎಂದರು.

ಆ ದಿನದ ನಂತರ ಎಲ್ಲವೂ ನೆಟ್ಟಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಟೇಬಲ್ಲು ಕೆಲವು ವಾರ ಕೆಳಗಿರುತ್ತದೆ, ಕೆಲವು ವಾರ ಹೋಗಿ ನೆನಪಿಸಬೇಕಾಗುತ್ತದೆ. ಪದ್ದಕ್ಕ ಮಾತ್ರ ಮತ್ತೆ ಒಳಗೆ ಸೇರಲಿಲ್ಲ. ಹಲಗೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹಿಡಕಲ್ ಡ್ಯಾಮಿನ ತನಕ ಸಂಘದ ಸಭೆಗಳಿಗೆ ಬರುತ್ತಾರೆ. ಎತ್ತಲು ಬಂದವರಿಗೆಲ್ಲ ಮೊದಲು ಕೇಳುವುದನ್ನು ಕಲಿಸುತ್ತಾರೆ. ಬೇಕೆನಿಸಿದರೆ ಎಲ್ಲಿ ಹಿಡಿಯಬೇಕು ಎಂದೂ ಹೇಳಿ, ಎತ್ತಿಸಿಕೊಳ್ಳುತ್ತಾರೆ. ನಾನು ಊರಿಗೆ ಹೋದಾಗ ಜನ ದಾರಿ ಬಿಟ್ಟು ಸರಿದರೆ ಈಗ ಸಿಟ್ಟು ಬರುತ್ತದೆ, ಇಲ್ಲಿ ಅಪರಿಚಿತ ಕೈ ಹತ್ತಿರ ಬಂದರೆ ಈಗಲೂ ಮೈ ಸೆಟೆಯುತ್ತದೆ.

ಇಷ್ಟು ವರ್ಷಗಳಾದ ಮೇಲೆ, ಹೋದ ತಿಂಗಳು, ಅಮ್ಮ ಮೊದಲ ಸಲ ಈ ಕಡೆ ಬಂದಳು. ಘಟಪ್ರಭಾ ಸ್ಟೇಶನ್ನಿಗೆ ಕರೆಯಲು ಹೋದಾಗ ಪದ್ದಕ್ಕನೂ ಟಂಟಂನಲ್ಲಿ ಜೊತೆಗಿದ್ದರು. ಅಮ್ಮ ನನ್ನನ್ನು ದೂರದಿಂದಲೇ ಕಂಡಳು. ಗಾಡಿಯಿಂದ ಇಳಿಯಲು ನಾನು ಕಾಲು ಹೊರಗೆ ಚಾಚುತ್ತಿದ್ದೆ. ಚೀಲವನ್ನು ಅಲ್ಲೇ ಬಿಟ್ಟು ಓಡಿ ಬಂದು, ಎಂದಿನಂತೆ ಎರಡೂ ಕೈ ಚಾಚಿದಳು.

"ಅವ್ವಾರ," ಎಂದರು ಪದ್ದಕ್ಕ ಮೆಲ್ಲಗೆ, "ಮೊದಲ ಅಕ್ಕಾರನ್ನ ಕೇಳ್ರಿ."

ಅಮ್ಮನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಕೈಗಳು ಚಾಚಿದಲ್ಲೇ ನಿಂತವು. ನನ್ನ ಮುಖ ನೋಡಿದಳು. ನನಗೆ ಬೇರೆ ಯಾರೋ ದಿಕ್ಕಾದರು ಎಂದು ತಿಳಿದವಳ ಹೆದರಿಕೆ ಅವಳ ಕಣ್ಣಿನಲ್ಲಿತ್ತು.

"ಎತ್ಕೊಳ್ಳಲೇನೇ, ನಾಗು?" ಎಂದಳು.

ಮೂರು ಊರಿನ ಜನರ ಬಾಯಲ್ಲಿ ಈ ಪ್ರಶ್ನೆ ಬರಲಿ ಎಂದು ದುಡಿದವಳು ನಾನು. ಅಮ್ಮನ ಬಾಯಲ್ಲಿ ಕೇಳಿ ಎದೆ ಒಡೆಯಿತು. ಹೂಂ ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಊರುಗೋಲುಗಳನ್ನು ಪದ್ದಕ್ಕನ ಮಡಿಲಲ್ಲಿ ಇಟ್ಟು ಅಮ್ಮನ ಕುತ್ತಿಗೆಗೆ ಕೈ ಹಾಕಿದೆ. ಅಮ್ಮ ಎತ್ತಲು ನೋಡಿದಳು, ಆಗಲಿಲ್ಲ, ಗಾಡಿಯಿಂದ ಜಾರಿ ನನ್ನ ಕಾಲುಗಳು ನೆಲ ಮುಟ್ಟಿದವು. ಅವಳ ತೋಳುಗಳಲ್ಲಿ ಶಕ್ತಿ ಉಳಿದಿರಲಿಲ್ಲ, ನನಗೆ ಅದು ಅಲ್ಲಿಯ ತನಕ ಗೊತ್ತಿರಲಿಲ್ಲ. ಬೀಳುತ್ತೇವೆ ಎಂದು ಅಂಜಿ, ಸ್ಟೇಶನ್ನಿನ ಹೊರಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಾಗೆಯೇ ನಿಂತೆವು.