ಐದನೇ ಕೈ

ಮೇಷ್ಟ್ರಿಗೆ ಊರವರು ಇಟ್ಟ ಹೆಸರು ನಾಲ್ಕು ಕೈ. ಇಂಗಾಲಕ್ಕೆ ನಾಲ್ಕೇ ಕೈ, ಮೂರೂ ಅಲ್ಲ, ಐದೂ ಅಲ್ಲ ಎಂದು ಜೀವಮಾನವಿಡೀ ಟ್ಯೂಷನ್ ಮಕ್ಕಳ ತಲೆ ತಿಂದದ್ದರ ಫಲ. ಸಂಯುಕ್ತದ ಹೆಸರು ಎಷ್ಟೇ ಉದ್ದವಿರಲಿ, ಬಾಲದಿಂದ ಓದಬೇಕು ಎನ್ನುವರು. ಬಾಲದಲ್ಲಿ ಬ್ಯೂಟೀನ್ ಇದ್ದರೆ ನಾಲ್ಕು ಇಂಗಾಲ ಸಾಲಾಗಿ ಬರೆ, ಅಂಕಿ ಹೇಳಿದ ಕಡೆ ಜೋಡಿ ಗೆರೆ ಎಳೆ. ಆಮೇಲೆ ಮುಂದಿನ ಅಂಕಿಗಳನ್ನು ನೋಡಿ ಕೊಂಬೆ ತಗುಲಿಸು. ಕೊನೆಗೆ ಖಾಲಿ ಕೈಗೆ ಜಲಜನಕ ಕೊಟ್ಟು, ಗೆರೆಗೊಂದರಂತೆ ಕೈ ಎಣಿಸು.

ಒಮ್ಮೆ ಅವರೇ ಎಣಿಸಿರಲಿಲ್ಲ. ಪರೀಕ್ಷೆಯಲ್ಲಿ 'ತ್ರೀ ತ್ರೀ ಡೈಮೀಥೈಲ್ ಟೂ ಬ್ಯೂಟೀನ್' ರಚನೆ ಬರೆಯಿರಿ ಎಂದು ಕೇಳಿಬಿಟ್ಟರು. ಬರೆದರೆ ಎರಡು ಕೊಂಬೆಯೂ ಮೂರನೇ ಇಂಗಾಲಕ್ಕೇ ಬಿದ್ದು ಅದಕ್ಕೆ ಐದು ಕೈ. ಅಂಥ ವಸ್ತು ಭೂಮಿಯ ಮೇಲಿಲ್ಲ. ಒಬ್ಬ ಹುಡುಗಿ ಎದ್ದು ನಿಂತು ಹೇಳಿದಾಗ ಮೇಷ್ಟ್ರು ಕಣ್ಣು ಮಿಟುಕಿಸದೆ, "ಯಾರಾದ್ರೂ ಹಿಡೀತೀರಾ ಅಂತ ನೋಡ್ದೆ" ಎಂದರು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಂತೆ. ಮೇಷ್ಟ್ರು ಮಿತವ್ಯಯಿ, ಅದೊಂದನ್ನೇ ಪ್ರತಿವರ್ಷ ಹೇಳಿದರು. ಪ್ರಶ್ನೆ ಅವರ ಪ್ರಸಿದ್ಧ ಬಲೆಯಾಯಿತು. ನಿಜ ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮಗಳನ್ನು ಕೇಳಿಕೊಂಡು ಬಂದ ಇಬ್ಬರು ಗಂಡುಗಳು ಅದೇ ಬಲೆಗೆ ಬಿದ್ದು, ಐದು ಕೈ ಬರೆದು, ಟೀ ಕುಡಿದು ಹೋದರು.

ಮೂರನೆಯವನನ್ನು ಮಗಳೇ ಆರಿಸಿದ್ದಳು. ಲಿಫ್ಟ್ ರಿಪೇರಿಯವನು, ರಸಾಯನಶಾಸ್ತ್ರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನನ್ನು ಕಳೆದುಕೊಂಡು ಬದುಕುವುದು ಅವಳಿಂದಾಗದು; ಅಪ್ಪನ ಮಾತು ಮೀರಿ ಹೊರಡುವುದೂ ಆಗದು. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಕೌಂಟರಿನ ಮೇಲೆ ಹಾಳೆ ಹರಡಿ ಬಾಲದಿಂದ ಹಿಡಿದು ಎಲ್ಲ ಕಲಿಸಿದಳು. ಕೊನೆಗೆ ಧೈರ್ಯ ಸಾಲದೆ, "ಏನೇ ಆಗ್ಲಿ, ಇದು ಆಗಲ್ಲ, ಐದು ಕೈ ಆಗುತ್ತೆ ಅನ್ನು. ಅಷ್ಟು ಸಾಕು" ಎಂದಳು.

ಭಾನುವಾರ ಬೆಳಿಗ್ಗೆ ಅವನು ಬಂದು ಕುರ್ಚಿಯ ತುದಿಯಲ್ಲಿ ಕೂತ. ಮೇಷ್ಟ್ರು ಹಾಳೆ, ಪೆನ್ಸಿಲ್ ಮುಂದಿಟ್ಟರು.

"ಟೂ ತ್ರೀ ಡೈಮೀಥೈಲ್ ಟೂ ಬ್ಯೂಟೀನ್."

ಅಡುಗೆಮನೆ ಬಾಗಿಲಲ್ಲಿದ್ದ ಮಗಳು ಚೌಕಟ್ಟು ಹಿಡಿದುಕೊಂಡಳು. ಒಂದು ಅಂಕಿ ಬದಲಾಗಿತ್ತು. ಇದು ಆಗುವಂಥದ್ದು. ಅವಳು ಚಾಪೆ ಕೆಳಗೆ ತೂರಿದರೆ ಅಪ್ಪ ರಂಗೋಲಿ ಕೆಳಗೆ ತೂರುವವರು. ಹೇಳಿಕೊಟ್ಟಿರುತ್ತಾಳೆಂದು ತಿಳಿಯದೇ ಅವರಿಗೆ?

"ಇದು ಆಗಲ್ಲ ಸರ್," ಅವನು ಗಿಳಿಪಾಠ ಒಪ್ಪಿಸಿದ. "ಐದು ಕೈ ಆಗುತ್ತೆ."

"ಬರೆದು ತೋರ್ಸಿ."

ಅವನು ಬಾಲದಿಂದ ಶುರುಮಾಡಿದ. ನಾಲ್ಕು ಇಂಗಾಲ, ಜೋಡಿ ಗೆರೆ, ಎರಡನೆಯದಕ್ಕೊಂದು ಕೊಂಬೆ, ಮೂರನೆಯದಕ್ಕೊಂದು. ಕೈ ಎಣಿಸಿದ. ಮತ್ತೆ ಎಣಿಸಿದ. ಎಲ್ಲಿ ನೋಡಿದರೂ ನಾಲ್ಕೇ. ಎಲ್ಲಾದರೂ ಒಂದು ಗೆರೆ ಹೆಚ್ಚಿಗೆ ಎಳೆದು ಮಾತು ಉಳಿಸಿಕೊಳ್ಳುತ್ತಾನೆ ಎಂದುಕೊಂಡಳು ಮಗಳು. ಆ ಮನೆಯಲ್ಲಿ ಬೆಳೆದವಳಿಗೆ ಬೇರೇನು ತೋಚೀತು? ಅವಳಿಗೆ ಅಳು ಬಂತು.

ಅವನು ಪೆನ್ಸಿಲ್ ಕೆಳಗಿಟ್ಟ. "ತಪ್ಪು ಹೇಳ್ದೆ ಸರ್. ಇದು ಆಗುತ್ತೆ. ಅವ್ಳು ಹೇಳ್ಕೊಟ್ಟಿದ್ದು ಬೇರೆ ಪ್ರಶ್ನೆ. ನಾನು ಎಣಿಸ್ದೇನೇ ಬಾಯಿಬಿಟ್ಟೆ."

ಮೇಷ್ಟ್ರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ತಿದ್ದಲು ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು. ಕಿವಿ ಕೆಂಪಾಗಿತ್ತು.

"ಏನಂತೀರಪ್ಪಾ?" ಮಗಳು ಬಾಗಿಲಿನಿಂದ ಈಚೆ ಬಂದಳು.

"ಇವನನ್ನ ಬಿಡ್ಬೇಡಮ್ಮ," ಎಂದರು ಅವರು. "ತಪ್ಪಾಯ್ತು ಅನ್ನೋದು ಇಷ್ಟು ಸುಲಭ ಅಂತ ನಂಗೆ ಯಾರೂ ಹೇಳಿರ್ಲಿಲ್ಲ."